ಕೊನೆಯ ಗದ್ದೆಗೆ ಮೊದಲ ನೀರು

ನಮಸ್ಕಾರ. ಚಿತ್ರ ಸ್ವಲ್ಪ ವಾಲಿದೆ, ಹೊಂದಿಸಿಕೊಳ್ಳಿ. ಮೊಬೈಲನ್ನು ಅಕ್ಕಿ ಅಳೆಯುವ ಸೇರಿಗೆ ಒರಗಿಸಿ ಇಟ್ಟಿದ್ದೇನೆ. ಈಗ ಬೆಳಗಿನ ಐದೂ ಮುಕ್ಕಾಲು. ತೆರೆಯ ಮೇಲೆ ಕೆಂಪಗೆ ಹೊಳೆಯುತ್ತಿರುವುದು ನಮ್ಮ ಮನೆಯ ನೆಲ. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಹಳೆಯ ಮನೆಯೊಂದರ ಮಹಡಿ ಇದು. ಒಂದು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಅರ್ಧ ತಾರಸಿ. ಬಾಡಿಗೆ 7,500 ರೂಪಾಯಿ. ಮನೆ ನೋಡಲು ಬಂದ ದಿನ ಗೋಡೆಯ ಬಿರುಕು, ಬಚ್ಚಲಿನ ತುಕ್ಕು ಹಿಡಿದ ನಲ್ಲಿ ಎಲ್ಲವೂ ಕಣ್ಣಿಗೆ ಬಿದ್ದಿದ್ದವು. ಆದರೂ ಈ ರೆಡ್ ಆಕ್ಸೈಡ್ ನೆಲ ಕಂಡು ಮುಂಗಡ ಕೊಟ್ಟುಬಿಟ್ಟೆ. ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆಯ ನಾಲ್ಕು ಹನಿ ಬಿಟ್ಟ ಬಟ್ಟೆಯಿಂದ ಒರೆಸಿದರೆ ಸಾಕು, ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಬರೆದಂತೆ ಕಾಣುತ್ತದೆ. ಹಾಗೆ ಒರೆಸಿದ ದಿನವೇ ಅದರ ಮೇಲೆ ವ್ಯಾಯಾಮಕ್ಕೆ ನಿಂತು ಜಾರಿ ಬಿದ್ದದ್ದೂ ಉಂಟು. ಆ ದೃಶ್ಯ ಮೊಬೈಲಿನಲ್ಲಿದೆ, ತೋರಿಸುವುದಿಲ್ಲ.

ನಾನು ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸಂಬಳ ಕೈಗೆ ಬರುವುದು 24,000. ಜೊತೆಯಲ್ಲಿ ಅವ್ವ ಇದ್ದಾಳೆ. ಅಂಗಡಿಯಲ್ಲಿ ಪಕ್ಕದ ಮೇಜಿನ ಹುಡುಗಿ ಒಂದು ದಿನ ಕೇಳಿಯೇಬಿಟ್ಟಳು: “ಅಕ್ಕಾ, ನಿಮಗೂ ನನಗೂ ಸಂಬಳದಲ್ಲಿ ಅಂಥ ವ್ಯತ್ಯಾಸವೇನಿಲ್ಲ. ನೀವು ಮಾತ್ರ ದಿನವೂ ಮದುವೆಗೆ ಹೊರಟವರಂತೆ ಇರುತ್ತೀರಲ್ಲ, ಹೇಗೆ?” ಅದಕ್ಕೆ ಅಲ್ಲೇ ಉತ್ತರ ಹೇಳಲು ಆಗಲಿಲ್ಲ. ಗಿರಾಕಿಗಳು ಬಂದರು. ಆ ಉತ್ತರವನ್ನೇ ಇಲ್ಲಿ ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ಮಂಡ್ಯ ಜಿಲ್ಲೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಊರಿನಲ್ಲಿ. ನಮ್ಮ ಕಡೆ ‘ಅಚ್ಚುಕಟ್ಟು’ ಎಂಬ ಮಾತು ಎರಡು ಕೆಲಸ ಮಾಡುತ್ತದೆ. ಮನೆಯೋ ಉಡುಗೆಯೋ ಓರಣವಾಗಿದ್ದರೆ ಅಚ್ಚುಕಟ್ಟು. ಕೆರೆಯ ನೀರು ಎಷ್ಟು ನೆಲಕ್ಕೆ ಹರಿಯುತ್ತದೆಯೋ ಅಷ್ಟು ನೆಲವೂ ಅಚ್ಚುಕಟ್ಟು. ಅಪ್ಪ ಪತ್ರಿಕೆ ಬಿಡಿಸಿದರೆ ಮೊದಲು ಹುಡುಕುತ್ತಿದ್ದುದು ನಮ್ಮ ನಾಲೆಗೆ ನೀರು ಬಿಡುವ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. 124.80 ಅಡಿ ಮುಟ್ಟಿದರೆ ಕಟ್ಟೆ ತುಂಬಿತು ಎಂದು ಲೆಕ್ಕ. ಊರಿನಲ್ಲಿ ಸಂಭ್ರಮವೋ ಸಂಭ್ರಮ. ಆದರೆ ಕಟ್ಟೆ ತುಂಬಿದ ವರ್ಷವೂ ನಮ್ಮ ಗದ್ದೆ ಒಣಗಿದ್ದಿದೆ. ಮೇಲಿನವರು ತೂಬು ತೆರೆದು ಕುಳಿತರೆ ಕೊನೆಯವರ ಪಾಲಿಗೆ ಕೆಸರೂ ಬರುವುದಿಲ್ಲ.

ಸಂಬಳದ ಕಥೆಯೂ ಇದೇ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಬಾಡಿಗೆ, ದಿನಸಿ, ಗ್ಯಾಸ್, ಅವ್ವನ ರಕ್ತದೊತ್ತಡದ ಮಾತ್ರೆ, ಊರಿನ ಮದುವೆಗಳ ಮುಯ್ಯಿ, ಇವೆಲ್ಲ ಮೇಲಿನ ಗದ್ದೆಗಳು. ಒಂದು ಮೊಳ ಹೂವು, ಒಂದು ನಾಟಕದ ಟಿಕೆಟ್, ಒಂದು ಪುಸ್ತಕ, ಒಳ್ಳೆಯ ಸೋಪು, ಇವು ಕೊನೆಯ ಗದ್ದೆಗಳು. ಇಪ್ಪತ್ತನೇ ತಾರೀಖಿನ ಹೊತ್ತಿಗೆ ನಾಲೆ ಬತ್ತಿರುತ್ತಿತ್ತು. ಈಗ ಸಂಬಳ ಬಂದ ದಿನವೇ 1,200 ರೂಪಾಯಿ ತೆಗೆದು ಈ ಸ್ಟೀಲ್ ಡಬ್ಬಿಯಲ್ಲಿ ಹಾಕಿಡುತ್ತೇನೆ. ಕೊನೆಯ ಗದ್ದೆಗೆ ಮೊದಲ ನೀರು. ಉಳಿತಾಯದ ಹಣ ಬೇರೆ, ಅದು ಅಂಚೆ ಕಚೇರಿಯ ಆರ್‌ಡಿಗೆ ಹೋಗುತ್ತದೆ. ಈ ಡಬ್ಬಿಯದು ಖರ್ಚಾಗಲೇಬೇಕಾದ ಹಣ. ತಿಂಗಳ ಕೊನೆಗೆ ಉಳಿದಿದ್ದರೆ ನಾನೇ ಎಲ್ಲೋ ಜಿಪುಣತನ ಮಾಡಿದ್ದೇನೆ ಎಂದರ್ಥ.

ಇನ್ನೊಂದು ಪಾಠವೂ ನಾಲೆಯದೇ. ನೀರು ಕಡಿಮೆಯಾದಾಗ ನಮ್ಮಲ್ಲಿ ‘ಕಟ್ಟು ಪದ್ಧತಿ’ ಜಾರಿಗೆ ಬರುತ್ತದೆ. ಇಷ್ಟು ದಿನ ಹರಿಸುವುದು, ಇಷ್ಟು ದಿನ ನಿಲ್ಲಿಸುವುದು. ನನ್ನ ತಿಂಗಳಿಗೂ ಅದೇ ಕಟ್ಟು ಹಾಕಿದ್ದೇನೆ. ಮೊದಲ ಹದಿನೈದು ದಿನ ಬೇಕಾದದ್ದನ್ನು ಕೊಳ್ಳಬಹುದು. ಉಳಿದ ದಿನಗಳಲ್ಲಿ ಹಾಲು, ತರಕಾರಿ, ಔಷಧಿ ಬಿಟ್ಟು ಬೇರೇನನ್ನೂ ಕೊಳ್ಳುವಂತಿಲ್ಲ. ಆಸೆಯಾದದ್ದನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ. ನೀರು ಬಿಡುವ ದಿನ ಬಂದಾಗ ನೋಡಿದರೆ ಅರ್ಧಕ್ಕರ್ಧ ಆಸೆಗಳು ಯಾರದೋ ಎನ್ನಿಸುತ್ತವೆ. ಕಳೆದ ತಿಂಗಳು ‘ಮೊಟ್ಟೆ ಬೇಯಿಸುವ ಯಂತ್ರ’ ಎಂದು ಬರೆದಿದ್ದೆ. ಯಾವ ಗಳಿಗೆಯಲ್ಲಿ ಬರೆದೆನೋ!

ಸರಿ, ಈಗ ಬಸ್ಕಿ. ಮೊಬೈಲನ್ನು ಸ್ವಲ್ಪ ಹಿಂದಕ್ಕೆ ಇಡುತ್ತೇನೆ.

ಮೂರು ವರ್ಷದ ಹಿಂದೆ ನಾನೂ ಒಂದು ಜಿಮ್ಮಿಗೆ ವರ್ಷದ ಚಂದಾ ಕಟ್ಟಿದ್ದೆ, 12,000 ರೂಪಾಯಿ. ಹೋದದ್ದು ಹತ್ತೊಂಬತ್ತು ದಿನ. ಲೆಕ್ಕ ಬರೆಯುವವಳು, ಭಾಗಿಸಿ ನೋಡದೆ ಇರುತ್ತೇನೆಯೇ? ದಿನಕ್ಕೆ 631 ರೂಪಾಯಿ ಬಿದ್ದಿತ್ತು. ಅಲ್ಲಿನ ಕನ್ನಡಿಗಳ ಮುಂದೆ ನನಗೆ ನನ್ನ ಹೊಟ್ಟೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅದಾದ ಮೇಲೆ ಎಳೆದು ಬಿಡುವ ರಬ್ಬರ್ ಪಟ್ಟಿಯೊಂದನ್ನು ತರಿಸಿದೆ. ಎರಡನೇ ವಾರ ಅದು ಕಿತ್ತು ಕೆನ್ನೆಗೆ ಬಾರಿಸಿತು. ಅಲ್ಲಿಗೆ ವ್ಯಾಯಾಮಕ್ಕೆಂದು ದುಡ್ಡು ಕೊಡುವುದು ನಿಂತಿತು.

ನಿಜ ಹೇಳಬೇಕೆಂದರೆ ಈ ಊರಿನಲ್ಲಿ ವ್ಯಾಯಾಮವನ್ನು ದುಡ್ಡು ಕೊಟ್ಟು ಹುಡುಕುವುದೇ ತಮಾಷೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದ್ದು ಇಲ್ಲೇ, ಜಗನ್ಮೋಹನ ಅರಮನೆಯಲ್ಲಿ. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರು. ಇಂದಿಗೂ ಗೋಕುಲಂ ಕಡೆ ಹೋದರೆ, ಸುತ್ತಿದ ಚಾಪೆಯನ್ನು ಹೆಗಲಿಗೇರಿಸಿಕೊಂಡ ವಿದೇಶಿಯರು ಎಳನೀರು ಕುಡಿಯುತ್ತ ನಿಂತಿರುತ್ತಾರೆ. ಇನ್ನು ಹಳೆಯ ಮೊಹಲ್ಲಾಗಳಲ್ಲಿ ಗರಡಿಮನೆಗಳಿವೆ. ಅಲ್ಲಿನ ಮಟ್ಟಿಯ, ಅಂದರೆ ಕುಸ್ತಿಯ ಮಣ್ಣಿನ ಮೇಲೆ ಹೆಣ್ಣುಮಕ್ಕಳು ಕಾಲಿಡುವ ರೂಢಿ ಇರಲಿಲ್ಲ, ಅದು ಬೇರೆ ವಿಷಯ. ಆದರೆ ದಂಡ, ಬಸ್ಕಿ ಎರಡನ್ನೂ ಗರಡಿಯವರು ಒಳಗೆ ಬೀಗ ಹಾಕಿ ಇಟ್ಟುಕೊಳ್ಳಲು ಆಗುವುದಿಲ್ಲವಲ್ಲ.

ನೋಡಿ, ಕಾಲುಗಳನ್ನು ಹೆಗಲಿನಷ್ಟು ಅಗಲಕ್ಕೆ ಇಟ್ಟಿದ್ದೇನೆ. ಹಿಂದೆ ಒಂದು ಕುರ್ಚಿ ಇದೆ. ಅದರ ಮೇಲೆ ಕುಳಿತುಕೊಳ್ಳುವವಳಂತೆ ಸೊಂಟವನ್ನು ಹಿಂದಕ್ಕೆ ಒಯ್ದು ಇಳಿಯುತ್ತೇನೆ. ಕುರ್ಚಿ ತಾಕಿದೊಡನೆ ಎದ್ದುಬಿಡಬೇಕು, ಒರಗಿ ವಿಶ್ರಮಿಸಬಾರದು. ಹಿಮ್ಮಡಿ ನೆಲ ಬಿಡಬಾರದು. ಇಳಿಯುವಾಗ ನಾಲ್ಕು ಎಣಿಕೆ, ಏಳುವಾಗ ಎರಡು. ಹನ್ನೆರಡು ಬಸ್ಕಿ, ಒಂದು ನಿಮಿಷ ಬಿಡುವು, ಹೀಗೆ ಮೂರು ಸಲ. ಹನ್ನೆರಡು ಸಲೀಸಾಯಿತು ಎನ್ನಿಸಿದಾಗ ಎಲ್ಲರೂ ಸಂಖ್ಯೆ ಹೆಚ್ಚಿಸುತ್ತಾರೆ. ನಾನು ಇಳಿಯುವುದನ್ನು ಇನ್ನೂ ನಿಧಾನ ಮಾಡುತ್ತೇನೆ. ಆರು ಎಣಿಸಿ ಇಳಿದು ನೋಡಿ, ತೊಡೆ ತಾನೇ ಮಾತನಾಡುತ್ತದೆ. ಮೊದಲ ಸಲ ಮಾಡಿದವರಿಗೆ ಮರುದಿನಕ್ಕಿಂತ ಅದರ ಮರುದಿನ ನೋವು ಹೆಚ್ಚಿರಬಹುದು. ಗಾಬರಿ ಬೇಡ, ಅದು ಸ್ನಾಯುವಿನ ಸಹಜ ನೋವು. ಕೀಲಿನಲ್ಲೇ ಚುಚ್ಚಿದಂತಾದರೆ ಮಾತ್ರ ನಿಲ್ಲಿಸಿ, ವೈದ್ಯರನ್ನು ಕೇಳಿ.

ದಂಡ ನನಗೆ ನೆಲದ ಮೇಲೆ ಇನ್ನೂ ಬರುವುದಿಲ್ಲ. ಮೊದಲು ಗೋಡೆಗೆ ಕೈಯೂರಿ ಮಾಡುತ್ತಿದ್ದೆ. ಆಮೇಲೆ ಅಡುಗೆಕಟ್ಟೆಗೆ ಇಳಿದೆ. ಈಗ ಮಂಚದ ಅಂಚಿಗೆ ಬಂದಿದ್ದೇನೆ. ಕೈಯೂರುವ ಜಾಗ ಕೆಳಗಿಳಿದಷ್ಟೂ ಮೈಭಾರ ಹೆಚ್ಚು ಬೀಳುತ್ತದೆ, ಅಷ್ಟೇ ಇದರ ಗುಟ್ಟು. ನೆಲಕ್ಕೆ ಇನ್ನೊಂದೂವರೆ ಅಡಿ ಉಳಿದಿದೆ. ದಸರೆಯೊಳಗೆ ಮುಟ್ಟುತ್ತೇನೆ ಎಂದು ಅವ್ವನೊಂದಿಗೆ ಪಂತ ಕಟ್ಟಿದ್ದೇನೆ. ಬೆನ್ನಿನ ವ್ಯಾಯಾಮಕ್ಕೆ ಐದು ಲೀಟರಿನ ನೀರಿನ ಕ್ಯಾನು ಸಾಕು, ತುಂಬಿದರೆ ಅದು ಐದು ಕಿಲೋ. ಒಂದು ಕೈಯನ್ನು ಮಂಚಕ್ಕೆ ಊರಿ, ಬಾಗಿ, ಇನ್ನೊಂದು ಕೈಯಿಂದ ಸೇದುವ ಬಾವಿಯಿಂದ ನೀರು ಎಳೆದಂತೆ ಪಕ್ಕೆಯವರೆಗೆ ಎತ್ತುವುದು. ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗ ಹಿಮ್ಮಡಿ ಎತ್ತಿ ಇಳಿಸುವುದು. ಇದನ್ನೆಲ್ಲ ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ. ಉಳಿದ ದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬಿರುಸಾದ ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮ ಮತ್ತು ಎರಡು ದಿನ ಸ್ನಾಯುಗಳಿಗೆ ಕೆಲಸ. ಕೆರೆಯೂ ಮಂಚವೂ ಸೇರಿದರೆ ಆ ಲೆಕ್ಕ ಸರಿಹೋಗುತ್ತದೆ.

ತಿಂಗಳಿಗೊಂದು ಭಾನುವಾರ ಚಾಮುಂಡಿ ಬೆಟ್ಟ. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಮಾಡಿಸಿದವರು ಹದಿನೇಳನೇ ಶತಮಾನದ ದೊಡ್ಡ ದೇವರಾಜ ಒಡೆಯರು, ನಂದಿಯೂ ಅವರ ಕಾಲದ್ದೇ. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹೆಂಗಸರನ್ನು ಗಮನಿಸಿ. ಅವರು ಒಂದೊಂದು ಮೆಟ್ಟಿಲಿಗೂ ಬಾಗಿ ಏಳುತ್ತಾರೆ. ಅವರ ಮುಂದೆ ನನ್ನ ಮೂರು ಹನ್ನೆರಡಕ್ಕೆ ನಾಚಿಕೆಯಾಗುತ್ತದೆ.

ಇದು ಅಡುಗೆಮನೆ. ಅವ್ವ ಕ್ಯಾಮೆರಾಗೆ ಬೆನ್ನು ಹಾಕಿ ನಿಂತಿದ್ದಾಳೆ, ಮುಖ ತೋರಿಸುವುದಿಲ್ಲವಂತೆ. ಇವತ್ತು ಬಸ್ಸಾರು. ಮಂಡ್ಯದವರಿಗೆ ಇದನ್ನು ವಿವರಿಸಿದರೆ ನಕ್ಕಾರು, ಉಳಿದವರಿಗಾಗಿ ಹೇಳುತ್ತೇನೆ. ಹುರುಳಿಕಾಳು ಬೇಯಿಸಿ, ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಬೆಂದ ಮೇಲೆ ಆ ನೀರನ್ನು, ಅಂದರೆ ಕಟ್ಟನ್ನು, ಬಸಿದುಕೊಳ್ಳುವುದು. ಕಾಳು ಸೊಪ್ಪಿಗೆ ಒಗ್ಗರಣೆ ಬಿದ್ದರೆ ಪಲ್ಯ. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಯಿ, ಹುಣಸೆ, ಜೊತೆಗೆ ಬೆಂದ ಕಾಳೇ ಒಂದು ಹಿಡಿ ರುಬ್ಬಿ ಹಾಕಿ ಕುದಿಸಿದರೆ ಸಾರು. ಒಂದು ಪಾತ್ರೆ, ಒಂದು ಉರಿ, ಎರಡು ಅಡುಗೆ, ಚೆಲ್ಲಿದ್ದು ಏನೂ ಇಲ್ಲ. ಬೆಲೆ ಹಚ್ಚಿ ತಿನ್ನಿಸುವ ಹೋಟೆಲುಗಳಲ್ಲಿ ಇಂಥ ಜಾಣ ಅಡುಗೆಯನ್ನು ನಾನು ಕಂಡಿಲ್ಲ. ಪಕ್ಕದಲ್ಲಿ ರಾಗಿಮುದ್ದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ ಎನ್ನುವುದು ಅವ್ವನಿಗೆ ಗೊತ್ತಿಲ್ಲ. ಬಡಿಸುವಾಗ ಮಾತ್ರ ಅವಳದೊಂದು ಕಟ್ಟಳೆ: ಇಬ್ಬರೇ ಇದ್ದರೂ ತಟ್ಟೆಯ ಅಂಚು ಒರೆಸಿಯೇ ಕೊಡಬೇಕು. “ನಮ್ಮ ಮನೆಗೆ ನಾವೇ ನೆಂಟರು ಕಣೇ” ಎನ್ನುತ್ತಾಳೆ.

ಈಗ ಆ ಹುಡುಗಿ ಕೇಳಿದ ಸೀರೆಯ ವಿಷಯ. ನನ್ನಲ್ಲಿ ದಿನಬಳಕೆಗೆ ಏಳು ನೂಲಿನ ಸೀರೆಗಳಿವೆ, ಒಂದೊಂದೂ ಆರುನೂರರಿಂದ ಒಂಬೈನೂರರೊಳಗೆ. ಹೊಸದರಂತೆ ಕಾಣುವುದಕ್ಕೆ ಕಾರಣ ಗಂಜಿ. ಅನ್ನ ಬಸಿದ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಬೇಕು, ಇಲ್ಲದಿದ್ದರೆ ಸೀರೆಯ ಮೇಲೆ ಅನ್ನದ ಅಗುಳು ಕುಳಿತುಬಿಡುತ್ತದೆ. ನೀರು ಬೆರೆಸಿ ತೆಳ್ಳಗೆ ಮಾಡಿ, ಅದ್ದಿ, ಹಿಂಡದೆ ನೆರಳಿನಲ್ಲಿ ಹರಡಬೇಕು. ಇನ್ನೂ ತುಸು ಪಸೆ ಇರುವಾಗಲೇ ಇಬ್ಬರು ಎದುರುಬದುರು ನಿಂತು ಎಳೆದು ಮಡಿಸಿ, ಹಾಸಿಗೆಯ ಕೆಳಗೆ ಇಟ್ಟರೆ ಇಸ್ತ್ರಿಯೂ ಆದಂತೆ. ಹಾಗೆ ಎಳೆಯುವಾಗ ಅವ್ವ ಬೇಕೆಂದೇ ಜಗ್ಗಿ ನನ್ನನ್ನು ಮುಗ್ಗರಿಸುತ್ತಾಳೆ. ಅವಳ ವ್ಯಾಯಾಮ ಅದು.

ಪೆಟ್ಟಿಗೆಯಲ್ಲಿ ಒಂದೇ ಒಂದು ಮೈಸೂರು ರೇಷ್ಮೆ ಇದೆ, ಅವ್ವನ ಮದುವೆಯದು. ಇಲ್ಲಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ಆರಂಭವಾದದ್ದು. ಇವತ್ತು ಹೊಸದೊಂದನ್ನು ಕೊಳ್ಳಬೇಕೆಂದರೆ ನನ್ನ ತಿಂಗಳ ಸಂಬಳ ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ಇದನ್ನೇ ಮಗುವಿನಂತೆ ನೋಡಿಕೊಳ್ಳುತ್ತೇನೆ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡುವುದು. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸುವುದು, ಒಂದೇ ಕಡೆ ಮಡಿಕೆ ಬಿದ್ದರೆ ಜರಿ ಅಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗದಂತೆ ದೂರ. ನಡುವೆ ಮೈಸೂರು ಸ್ಯಾಂಡಲ್ ಸೋಪಿನ ಖಾಲಿ ಪೊಟ್ಟಣ. ಹೆಸರು ನಮ್ಮೂರಿನದು, ಕಾರ್ಖಾನೆ ಶುರುವಾದದ್ದು ಬೆಂಗಳೂರಿನಲ್ಲಿ. ಪರಿಮಳಕ್ಕೆ ಊರಿನ ಹಂಗಿಲ್ಲ ಬಿಡಿ.

ಹೂವು ದೇವರಾಜ ಮಾರುಕಟ್ಟೆಯದು. ಕಟ್ಟಿದ ಮಲ್ಲಿಗೆ ಮೊಳದ ಲೆಕ್ಕ, ಬಿಡಿ ಮೊಗ್ಗು ತೂಕದ ಲೆಕ್ಕ. ಬಿಡಿ ಮೊಗ್ಗು ತಂದು ನೆನೆಸಿದ ಬಾಳೆನಾರಿನಲ್ಲಿ ಕಟ್ಟಿದರೆ ಅದೇ ದುಡ್ಡಿಗೆ ಎರಡರಷ್ಟು ಹೂವು. ಅದರಲ್ಲಿ ಒಂದು ಗೇಣು ಆ ಪಕ್ಕದ ಮೇಜಿನ ಹುಡುಗಿಗೆ ಹೋಗುತ್ತದೆ. ಮಾರುಕಟ್ಟೆಗೆ ಹೋಗಿಬರಲು ಬಸ್ಸಿನ ಖರ್ಚಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ದರದ ಟಿಕೆಟ್. ಮೊದಲು ಬಸ್ಸಿಗೆ ಹೋಗುತ್ತಿದ್ದ ದುಡ್ಡೇ ಈಗ ಆ ಸ್ಟೀಲ್ ಡಬ್ಬಿಯ ಅರ್ಧ ಭಾಗ. ರಂಗಾಯಣದ ನಾಟಕಗಳನ್ನು ನೋಡುವುದು ಅದರಿಂದಲೇ. ಸಾಲಾಗಿ ಮೂರು ವಾರ ಅಲ್ಲಿನ ಭೂಮಿಗೀತ ರಂಗಮಂದಿರದಲ್ಲಿ ಕುಳಿತವಳನ್ನು ನೋಡಿ, ಟಿಕೆಟ್ ಹರಿಯುವಾತ ಈಗ ನಮಸ್ಕಾರ ಹೇಳುತ್ತಾನೆ. ಭಾನುವಾರ ಸಂಜೆಯಾದರೆ ಅರಮನೆಯ ದೀಪ. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹತ್ತಿಕೊಳ್ಳುವ ಗಳಿಗೆಯಲ್ಲಿ ಜನರಿಂದ ಒಂದು ‘ಓಹ್’ ಹೊರಡುತ್ತದಲ್ಲ, ನಾನು ಹೋಗುವುದು ಅದನ್ನು ಕೇಳಲು.

ಇನ್ನೂ ಪುಸ್ತಕದ ಕಪಾಟು ತೋರಿಸಬೇಕೆಂದಿದ್ದೆ. ಕೆಳಗೆ ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವುದು ಕೇಳಿಸುತ್ತಿದೆಯೇ? ನೀರು ಬರುವ ಸೂಚನೆ. ನಮ್ಮ ಸರದಿ ಎರಡನೆಯದು, ಮಹಡಿಗೆ ಹೊತ್ತು ತರಬೇಕು. ಮೊಬೈಲ್ ಇಲ್ಲೇ ಇರಲಿ, ಸೇರನ್ನು ಅವ್ವ ಕೇಳುತ್ತಿದ್ದಾಳೆ. ಎರಡು ಕೊಡ ಇದೆ, ಕೈಗೆ ಒಂದೊಂದು, ಮೆಟ್ಟಿಲು ಹದಿನೆಂಟು.