ಮುಂದಿನ ಬೆಂಚಿನ ಮಕ್ಕಳು

ಕೇಳುಗರಿಗೆ ನಮಸ್ಕಾರ.

ಚರ್ಚಿನ ಭಾನುವಾರದ ಆರಾಧನೆಗೆ ಮೂರು ವರ್ಷದ ಮಗುವನ್ನು ಕರೆತಂದ ತಾಯಿ ಎಲ್ಲಿ ಕೂರುತ್ತಾರೆ? ಕಡೆಯ ಬೆಂಚಿನಲ್ಲಿ, ಬಾಗಿಲ ಪಕ್ಕ. ಅತ್ತರೆ ಎದ್ದು ಹೋಗಬಹುದಲ್ಲ ಅಂತ. ಆದರೆ ಮಗುವಿನ ಕಣ್ಣಿನ ಎತ್ತರಕ್ಕೆ ಅಲ್ಲಿ ಕಾಣುವುದು ಮುಂದಿನವರ ಬೆನ್ನು, ಜಡೆ, ಸೆರಗು. ಆರಾಧನೆ ನಡೆಸುವ ಸಭಾಪಾಲಕರೂ ಕಾಣುವುದಿಲ್ಲ, ರೊಟ್ಟಿ ದ್ರಾಕ್ಷಾರಸ ಇಡುವ ಕರ್ತನ ಮೇಜೂ ಕಾಣುವುದಿಲ್ಲ. ಎಲ್ಲಿಂದಲೋ ಒಂದು ದನಿ ಬರುತ್ತಿರುತ್ತದೆ. ಹತ್ತು ನಿಮಿಷಕ್ಕೆ ಮಗು ಬೆಂಚಿನಡಿ ನುಸುಳುತ್ತದೆ. ಅಳುತ್ತದೆಂದು ಹಿಂದೆ ಕೂರಿಸುತ್ತೇವೆ. ಹಿಂದೆ ಕೂರಿಸಿದ್ದರಿಂದಲೇ ಅದು ಬೇಸತ್ತು ಅಳುತ್ತದೆ.

ಆದ್ದರಿಂದ ಮೊದಲ ಎರಡು ಮೂರು ಸಾಲುಗಳನ್ನು ಮಕ್ಕಳಿರುವ ಮನೆಯವರಿಗೆ ಬಿಡಿ. ಪಕ್ಕದ ಬಾಗಿಲಿಗೆ ಹತ್ತಿರವಿರಲಿ, ಸ್ಪೀಕರ್ ಡಬ್ಬಕ್ಕೆ ದೂರವಿರಲಿ. ಡ್ರಮ್ಮಿನ ಮೊದಲ ಪೆಟ್ಟಿಗೇ ಬೆಚ್ಚಿಬೀಳುವ ಕೂಸುಗಳಿರುತ್ತವೆ. ಜಮಖಾನದ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುವ ಊರುಗಳಲ್ಲಿ ಇನ್ನೊಂದು ಪೇಚು: ಮಗು ಅಪ್ಪನಿಂದ ಅಮ್ಮನ ಕಡೆಗೆ, ಅಮ್ಮನಿಂದ ಅಪ್ಪನ ಕಡೆಗೆ ನಡುವಿನ ದಾರಿಯಲ್ಲಿ ಓಡುತ್ತಿರುತ್ತದೆ. ಇವತ್ತು ಯಾರ ಜೊತೆ ಅನ್ನುವುದು ಮನೆಯಲ್ಲೇ ತೀರ್ಮಾನವಾಗಬೇಕು. ಪ್ರತಿ ವಾರವೂ ಅಮ್ಮನ ಜೊತೆಯೇ ಎಂದಾಗಬಾರದು.

ಮಕ್ಕಳಿಗೆ ಸಂಡೇ ಸ್ಕೂಲ್ ಇದೆಯಲ್ಲ, ದೊಡ್ಡವರ ಆರಾಧನೆ ಯಾಕೆ ಎಂದು ಕೇಳುವವರಿದ್ದಾರೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಶುರುಮಾಡಿದ ಭಾನುವಾರದ ಶಾಲೆ, ವಾರವೆಲ್ಲ ದುಡಿಯುತ್ತಿದ್ದ ಬಡ ಮಕ್ಕಳಿಗೆ ಓದು ಕಲಿಸಲು ಹುಟ್ಟಿದ್ದು. ಆ ಮಕ್ಕಳನ್ನು ಪಾಠದ ನಡುವೆ ಚರ್ಚಿಗೂ ಕರೆದೊಯ್ಯುತ್ತಿದ್ದರು. ಇನ್ನೂ ಹಿಂದಕ್ಕೆ ಹೋಗಿ: ಕ್ರೈಸ್ತ ಧರ್ಮದ ಮೊದಲ ಕಾಲದ ಪ್ರಚಾರಕ ಪೌಲ ಸಭೆಗಳಿಗೆ ಕಳಿಸಿದ ಪತ್ರಗಳು ಸಭೆ ಕೂಡಿದಾಗ ಗಟ್ಟಿಯಾಗಿ ಓದಲೆಂದು ಬರೆದವು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಆತ ತಂದೆತಾಯಿಗಳ ಮೂಲಕ ಹೇಳಿಕಳಿಸದೆ, ನೇರವಾಗಿ ‘ಮಕ್ಕಳೇ’ ಎಂದು ಕರೆದು ಮಾತಾಡುತ್ತಾನೆ. ಓದುವಾಗ ಅವರು ಅಲ್ಲೇ ಕೂತಿರುತ್ತಾರೆಂದು ಗೊತ್ತಿದ್ದವನ ಮಾತು ಅದು.

ಮಕ್ಕಳನ್ನು ಕೂರಿಸಿಕೊಳ್ಳಲು ಆರಾಧನೆಯನ್ನೇ ಮಕ್ಕಳಾಟ ಮಾಡಬೇಕಿಲ್ಲ. ಮಗುವಿಗೆ ಬಾಗಿಲು ತೆರೆಯುವುದು ವಾರವಾರವೂ ಬದಲಾಗದ ಭಾಗಗಳು. ಪ್ರಸಂಗ, ಅಂದರೆ ಸಭಾಪಾಲಕರ ಉಪದೇಶ, ಪ್ರತಿ ವಾರ ಹೊಸದು. ಆದರೆ ‘ಆಮೆನ್’, ಪ್ರಾರ್ಥನೆಗೆ ಸಭೆ ಕೊಡುವ ಉತ್ತರ, ವಿಶ್ವಾಸ ಪ್ರಮಾಣ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’, ಇವು ಬದಲಾಗವು. ಓದಲು ಬಾರದ ನಾಲ್ಕು ವರ್ಷದ ಮಗುವಿಗೂ ಇವು ಬಾಯಿಪಾಠವಾಗುತ್ತವೆ. ಬೆಂಗಳೂರಿನಲ್ಲಾಗಲಿ ಗಲ್ಫಿನಲ್ಲಾಗಲಿ, ಕನ್ನಡ ಮಾತಾಡುತ್ತಾ ಕನ್ನಡ ಓದಲಾರದ ಮಕ್ಕಳಿಗಂತೂ ಇದೊಂದೇ ದಾರಿ. ಒಂದು ತಿಂಗಳಿಗೆ ಒಂದೇ ಭಾಗ ಹಿಡಿಯಿರಿ. ರಾತ್ರಿ ಮಲಗುವ ಮುಂಚೆ ಎರಡು ಸಲ ಹೇಳಿಸಿದರೆ ಸಾಕು. ಮುಂದಿನ ವಾರದ ಗೀತೆ ಯಾವುದೆಂದು ಸಭಾಪಾಲಕರು ಈ ವಾರವೇ ತಿಳಿಸಿದರೆ ಮನೆಯಲ್ಲಿ ಪಲ್ಲವಿಯನ್ನಾದರೂ ಕಲಿಸಬಹುದು.

ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿ.ಎಸ್.ಐ. ಎಂಬ ಪ್ರೊಟೆಸ್ಟಂಟ್ ಪಂಗಡ, 1947ರಲ್ಲಿ ಒಂದಾದ ಮೇಲೆ ರೂಪಿಸಿಕೊಂಡ ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯ, ಕ್ರಮದಲ್ಲಿ ಮಕ್ಕಳಿಗೆಂದೇ ಇಟ್ಟಂತಿರುವ ಒಂದು ಘಳಿಗೆ ಇದೆ: ಸಮಾಧಾನದ ವಂದನೆ. ಕೊಡುವವರ ಬಲಗೈ ಅಂಗೈ ಪಡೆಯುವವರ ಬಲಗೈ ಅಂಗೈಗೆ ತಾಗುತ್ತದೆ, ಇಬ್ಬರ ಎಡಗೈಗಳೂ ಮೇಲೆ ಮುಚ್ಚುತ್ತವೆ. ಹೀಗೆ ಸಭಾಪಾಲಕರಿಂದ ಹೊರಟ ಸಮಾಧಾನ ಕೈಯಿಂದ ಕೈಗೆ ಸಾಗಿ ಕಡೆಯ ಸಾಲು ತಲುಪುತ್ತದೆ. ನಡುದಾರಿಯ ತುದಿಯಲ್ಲಿ ಕೂತ ಮಗುವಿನಿಂದಲೇ ಆಯಾ ಸಾಲಿಗೆ ಅದು ದಾಟಲಿ. ಬಹಳ ಕಡೆ ಇದು ದೂರದಿಂದಲೇ ಕೈಮುಗಿದು ತಲೆಯಾಡಿಸುವಷ್ಟಕ್ಕೆ ಇಳಿದಿದೆ. ನಷ್ಟವೇ.

ಬೈಬಲ್ ಪಾಠ ಓದುವ ಕೆಲಸವನ್ನು ಒಂಬತ್ತು ಹತ್ತು ವರ್ಷದವರಿಗೆ ಕೊಡಬಹುದು. ಎಡವುವುದು ಎಲ್ಲಿ ಅಂದರೆ, ಭಾನುವಾರ ಬೆಳಿಗ್ಗೆ ಬೈಬಲ್ ಕೈಗಿಟ್ಟು ‘ಓದಮ್ಮಾ’ ಅನ್ನುವಲ್ಲಿ. ಒಂದು ವಾರ ಮೊದಲೇ ಕೊಡಿ. ಆರೇಳು ವಚನ ಸಾಕು. ದೊಡ್ಡ ಅಕ್ಷರದಲ್ಲಿ ಬರೆದು, ಉದ್ದದ ಸಂಧಿಪದಗಳನ್ನು ಪೆನ್ಸಿಲ್ ಗೀಟಿನಿಂದ ಒಡೆದು ತೋರಿಸಿ. ಪೌಲನಂಥವರ ಪತ್ರಗಳಿಗಿಂತ ಯೇಸುವಿನ ಕಥೆ ಹೇಳುವ ಸುವಾರ್ತೆ ಸುಲಭ. ಶನಿವಾರ ಅದೇ ಮೈಕಿನ ಮುಂದೆ ಮೂರು ಸಲ ಓದಿಸಿ, ಮೈಕ್ ಸ್ಟ್ಯಾಂಡ್ ಇಳಿಸಿ ಮಗುವಿನ ಎತ್ತರ ಗುರುತು ಮಾಡಿಕೊಳ್ಳಿ. ಕಾಣಿಕೆ ಚೀಲಕ್ಕೆ ಇಬ್ಬರಿಬ್ಬರು ಮಕ್ಕಳು.

ಮಕ್ಕಳಿಗೆ ಕೆಲಸ ಕೊಟ್ಟರೆ ಅವರು ಎಷ್ಟು ಗಂಭೀರವಾಗಿರಬಲ್ಲರು ಎಂಬುದಕ್ಕೆ ಮಂಗಳೂರಿನ ಕಥೋಲಿಕರ ಮೊಂತಿ ಹಬ್ಬ, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ನೋಡಿ. ಸೆಪ್ಟೆಂಬರ್ 8ಕ್ಕೆ ಮುಂಚಿನ ಒಂಬತ್ತು ದಿನ ಬಾಲಮರಿಯಮ್ಮನಿಗೆ ಹೂವು ಅರ್ಪಿಸುವುದು ಮಕ್ಕಳೇ. ರೋಮಿನ ಆರಾಧನಾ ವಿಭಾಗ 1973ರ ನವೆಂಬರ್ 1ರಂದು ಮಕ್ಕಳ ಬಲಿಪೂಜೆಯ, ಅಂದರೆ ಕಥೋಲಿಕರ ಆರಾಧನೆಯ, ಬಗ್ಗೆ ಹೊರಡಿಸಿದ ನಿರ್ದೇಶಿಕೆಯೂ ಇದನ್ನೇ ಹೇಳುತ್ತದೆ: ಮನೆಮಂದಿಯೊಡನೆ ಬಂದ ಮಕ್ಕಳನ್ನು ಆರಂಭದಲ್ಲೋ ಪ್ರಸಂಗದಲ್ಲೋ ನೇರವಾಗಿ ಮಾತಾಡಿಸಿ, ಕಾಣಿಕೆ ತರುವಂಥ ಕೆಲಸ ಕೊಡಿ.

ಮಾತಾಡಿಸುವುದು ಅಂದಾಗ ಒಂದು ಎಚ್ಚರಿಕೆ. ಮಕ್ಕಳ ಮಾತು ನಾಲ್ಕೈದು ನಿಮಿಷ, ಕೈಯಲ್ಲೊಂದು ವಸ್ತು, ಒಂದೇ ವಿಷಯ. ಮಗುವಿನ ಬಾಯಿಗೆ ಮೈಕ್ ಹಿಡಿದು ಪ್ರಶ್ನೆ ಕೇಳಬೇಡಿ. ಅದರ ಉತ್ತರಕ್ಕೆ ಇಡೀ ಸಭೆ ಗೊಳ್ಳೆಂದು ನಗುತ್ತದೆ. ನಗು ಪ್ರೀತಿಯದೇ ಇರಬಹುದು. ಆ ಮಗು ಮುಂದಿನ ವಾರ ಬಾಯಿ ಬಿಡುವುದಿಲ್ಲ.

ಅರ್ಧ ಗಂಟೆಯ ಪ್ರಸಂಗ ಆರು ವರ್ಷದೊಳಗಿನವರಿಗೆ ಭಾರವೇ. ಆ ಹೊತ್ತಿಗೆ ಅವರನ್ನು ಪಕ್ಕದ ಕೋಣೆಗೆ ಕರೆದೊಯ್ಯುವುದು ತಪ್ಪಲ್ಲ. ತಪ್ಪು ವಾಪಸು ಕರೆತರದೆ ಇರುವುದು. ಆ ಕೋಣೆಯ ಪಾಠ ಹದಿನೈದು ನಿಮಿಷಕ್ಕೆ ಮುಗಿಯಲಿ. ಪ್ರಸಂಗದ ಕೊನೆಗೆ ಕರೆಯಲು ಒಬ್ಬರನ್ನು ನೇಮಿಸಿ. ಕೋಣೆಯಲ್ಲಿ ಯಾವಾಗಲೂ ಇಬ್ಬರು ಹಿರಿಯರಿರಲಿ, ಬಾಗಿಲು ತೆರೆದೇ ಇರಲಿ. ದೊಡ್ಡ ಮಕ್ಕಳು ಬೆಂಚಿನಲ್ಲೇ ಇರಲಿ: ‘ಬೆಳಕು’ ಎನ್ನುವ ಪದ ಎಷ್ಟು ಸಲ ಬಂತು ಎಂದು ಗೀಟು ಹಾಕುವ ಕೆಲಸ ಕೊಟ್ಟರೆ ಪ್ರಸಂಗವನ್ನು ಅಪ್ಪನಿಗಿಂತ ಚೆನ್ನಾಗಿ ಕೇಳುತ್ತಾರೆ.

ಬಟ್ಟೆಚೀಲದಲ್ಲಿ ನಾಲ್ಕು ಬಣ್ಣದ ಕ್ರೇಯಾನ್, ಎರಡು ಹಾಳೆ, ಒಂದು ಬಟ್ಟೆಗೊಂಬೆ. ಬಿಸ್ಕತ್ತಿನ ಪೊಟ್ಟಣ ಬೇಡ, ಸರಪರ ಸದ್ದು. ಮೊಬೈಲ್ ಬೇಡವೇ ಬೇಡ. ಮನೆ ಬಿಡುವ ಮುಂಚೆ ತಿಂಡಿ, ಒಳಗೆ ಹೋಗುವ ಮುಂಚೆ ಶೌಚಾಲಯ. ಚುಚ್ಚುವ ನೆಟ್ ಫ್ರಾಕು, ಗೆಜ್ಜೆಯ ಕಾಲುಚೈನು ಕ್ರಿಸ್ಮಸ್ಸಿಗೆ ಇರಲಿ. ಅತ್ತರೆ ಒಂದು ನಿಮಿಷ ನೋಡಿ, ನಿಲ್ಲದಿದ್ದರೆ ಹೊರಗೆ ಹೋಗಿ, ಸುಮ್ಮನಾದ ಮೇಲೆ ಒಳಗೆ ಬನ್ನಿ. ಎಷ್ಟೋ ತಾಯಂದಿರು ಹಿಂತಿರುಗಿ ನೋಡುವ ಕಣ್ಣುಗಳಿಗೆ ಅಂಜಿ ಆಶೀರ್ವಾದದವರೆಗೂ ಕಾಂಪೌಂಡಿನಲ್ಲೇ ಉಳಿಯುತ್ತಾರೆ. ‘ಮಕ್ಕಳು ಸದ್ದು ಮಾಡುತ್ತಾರೆ, ಪರವಾಗಿಲ್ಲ’ ಎಂದು ಸಭಾಪಾಲಕರೇ ಆರಂಭದಲ್ಲಿ ಹೇಳಿಬಿಡಬೇಕು.

ಕರ್ತನ ಭೋಜನದ ವಿಷಯದಲ್ಲಿ ಸಭೆಯಿಂದ ಸಭೆಗೆ ರೂಢಿ ಬೇರೆ. ಮಲಂಕರ ಆರ್ಥೊಡಾಕ್ಸ್ ಸಭೆ ದೀಕ್ಷಾಸ್ನಾನವಾದ ಕೂಸಿಗೂ ಕೊಡುತ್ತದೆ. ರೋಮನ್ ಕಥೋಲಿಕರಲ್ಲಿ 1910ರಿಂದೀಚೆಗೆ ಮಗುವಿಗೆ ಸುಮಾರು ಏಳು ವರ್ಷವಾದಾಗ. ನಿಮ್ಮ ಸಭೆಯಲ್ಲಿ ಮಗುವಿಗೆ ಕೊಡಲು ಇನ್ನೂ ಸಮಯವಿದ್ದರೂ ಮಗುವನ್ನು ಬೆಂಚಿನಲ್ಲಿ ಬಿಟ್ಟು ಹೋಗಬೇಡಿ. ಜೊತೆಗೆ ಮೊಣಕಾಲೂರಿ ಕೈಕಟ್ಟಿಕೊಂಡರೆ ಸಭಾಪಾಲಕರು ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ. ಇದನ್ನು ಮನೆಯಲ್ಲೇ ತಿಳಿಸಿರಬೇಕು, ಇಲ್ಲದಿದ್ದರೆ ‘ನನಗೆ ಮಾತ್ರ ರೊಟ್ಟಿ ಇಲ್ಲ’ ಎಂದು ಅಲ್ಲೇ ರಂಪ.

ಮೂರು ತಿಂಗಳಾದ ಮೇಲೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳುವಾಗ ಕಿವಿಗೊಟ್ಟು ಕೇಳಿ. ಮಕ್ಕಳ ದನಿ ಕೇಳಿಸದಿದ್ದರೆ ಅವರಿಗೆ ಬರುವುದಿಲ್ಲ ಎಂದೇ ಅಲ್ಲ. ದೊಡ್ಡವರು ರೈಲು ತಪ್ಪೀತೆಂಬಂತೆ ಓಡಿಸುತ್ತಿರುತ್ತಾರೆ. ಪ್ರತಿ ಸಾಲಿನ ಕೊನೆಗೆ ಒಂದು ಉಸಿರು ನಿಲ್ಲಿಸಿ, ಮತ್ತೆ ಕೇಳಿ.

ನಮಸ್ಕಾರ.