ಹಳೆಯ ಎಂಜಿಬಿಗೆ ನೀಲಿ ಡ್ರಮ್ಮಿನ ಲೈನರ್: ಕೆಸರು ತಡೆಯಬೇಕೋ, ಇಳಿಯಲು ಬಿಡಬೇಕೋ?

ನಮಸ್ಕಾರ. ಸಕಲೇಶಪುರದ ಕಡೆಯ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳುಹಿಸಿದ್ದಾರೆ. ತೋಟದ ಮನೆಯ ಶೆಡ್ಡಿನಲ್ಲಿರುವ ಹಳೆಯ ಎಂಜಿಬಿ ಕಾರಿನ ಚಕ್ರಗಳ ಮೇಲ್ಭಾಗಕ್ಕೆ, ಈಗಿನ ಕಾರುಗಳಲ್ಲಿ ಇರುವಂತಹ ಪ್ಲಾಸ್ಟಿಕ್ ಲೈನರನ್ನು ಮನೆಯಲ್ಲಿಯೇ ಮಾಡಿ ಕೂರಿಸಬಹುದೇ ಎಂಬುದು ಅವರ ಪ್ರಶ್ನೆ. ಖಂಡಿತ ಕೂರಿಸಬಹುದು. ಆದರೆ ತಪ್ಪಾಗಿ ಕೂರಿಸಿದ ಲೈನರು ಏನೂ ಇಲ್ಲದಿರುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

[ಪರದೆಯ ಮೇಲೆ: ಮುಂದಿನ ಚಕ್ರ ಬಿಚ್ಚಿದ ಕಾರು, ಫೆಂಡರಿನ ಒಳಭಾಗ]

ಪರಿಚಯವನ್ನು ಬೇಗ ಮುಗಿಸುತ್ತೇನೆ. ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಇದಕ್ಕೆ ಜೀಪಿನಂತೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಡಿಯೇ ಭಾರವನ್ನು ಹೊರುತ್ತದೆ, ಅದರಲ್ಲಿಯೂ ಬಾಗಿಲಿನ ಕೆಳಗೆ ಉದ್ದಕ್ಕೂ ಸಾಗುವ ಸಿಲ್ ಎಂಬ ಪೆಟ್ಟಿಗೆಯಾಕಾರದ ಭಾಗ ಸೊರಗಿದರೆ ಕಾರು ನಡುವಿನಲ್ಲಿ ಬಾಗತೊಡಗುತ್ತದೆ. ಮುಂದಿನ ಚಕ್ರ ಎರಚುವ ಕೆಸರು ನೇರವಾಗಿ ಹೋಗಿ ಸೇರುವುದು ಈ ಸಿಲ್ಲಿನ ಮುಂತುದಿಯ ಬಳಿಗೆ. ಅಲ್ಲಿ ಕಾರ್ಖಾನೆಯವರು ಒಂದು ತಗಡಿನ ಅಡ್ಡಗೋಡೆಯನ್ನೂ ಅದರ ಅಂಚಿಗೆ ರಬ್ಬರನ್ನೂ ಕೊಟ್ಟಿದ್ದಾರೆ. ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟ ಮೇಲೆ ಕೆಸರು ಅಡ್ಡಗೋಡೆಯ ಹಿಂದಕ್ಕೆ ನುಗ್ಗಿ, ಕಣ್ಣಿಗೆ ಕಾಣದಂತೆ ಅಲ್ಲಿಯೇ ಬೇರೂರುತ್ತದೆ.

ಇಂಗ್ಲೆಂಡಿನಲ್ಲಿ ಚಳಿಗಾಲದ ರಸ್ತೆಗಳಿಗೆ ಉಪ್ಪು ಸುರಿಯುವುದರಿಂದ ಅಲ್ಲಿ ಈ ಕಾರುಗಳಿಗೆ ಬೇಗ ತುಕ್ಕು ಹಿಡಿಯುತ್ತದೆ. ನಮ್ಮ ಮೂಡಿಗೆರೆ, ಸಕಲೇಶಪುರದ ರಸ್ತೆಗಳಲ್ಲಿ ಉಪ್ಪಿಲ್ಲ ನಿಜ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕೆಸರು ಒಣಗುವುದೂ ಇಲ್ಲ.

ಇನ್ನು ನನಗೆ ಬಹಳ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಸಹಿಸಿಕೊಳ್ಳಿ. ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಸಿಕ್ಕರೆ ತುಕ್ಕು ಹಿಡಿಯುತ್ತದೆ ಎಂದು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಗಾಳಿ ಚೆನ್ನಾಗಿ ತಾಗುವ ಕಡೆಯಲ್ಲಿಯೇ ತಗಡು ಮೊದಲು ತೂತಾಗಬೇಕಲ್ಲವೇ? ನಡೆಯುವುದು ಇದಕ್ಕೆ ತದ್ವಿರುದ್ಧ. ಕೇಂಬ್ರಿಜ್‌ನ ಯುಲಿಕ್ ಇವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಇದನ್ನು ಒಂದೇ ಒಂದು ಹನಿ ಉಪ್ಪುನೀರಿನಿಂದ ತೋರಿಸಿದರು. ಉಜ್ಜಿ ಶುಚಿಗೊಳಿಸಿದ ಉಕ್ಕಿನ ತುಂಡಿನ ಮೇಲೆ, ಪೊಟ್ಯಾಸಿಯಮ್ ಫೆರಿಸಯನೈಡ್ ಮತ್ತು ಫಿನಾಲ್ಫ್ಥಲೀನ್ ಎಂಬ, ಬಣ್ಣ ಬದಲಿಸಿ ಸೂಚನೆ ಕೊಡುವ ರಾಸಾಯನಿಕಗಳನ್ನು ಬೆರೆಸಿದ ಉಪ್ಪುನೀರಿನ ಹನಿಯನ್ನು ಇಟ್ಟು ಕಾದರೆ, ಹನಿಯ ಅಂಚು ಗುಲಾಬಿ ಬಣ್ಣಕ್ಕೂ ನಡುಭಾಗ ಕಡು ನೀಲಿಗೂ ತಿರುಗುತ್ತದೆ. ನೀಲಿ ಎಂದರೆ ಅಲ್ಲಿ ಕಬ್ಬಿಣ ಕರಗುತ್ತಿದೆ ಎಂದರ್ಥ. ಅಂಚಿನಲ್ಲಿ ಗಾಳಿಯ ಆಮ್ಲಜನಕ ಸುಲಭವಾಗಿ ಸಿಗುವುದರಿಂದ ಅದು ಲೋಹದಿಂದ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ. ಆ ಎಲೆಕ್ಟ್ರಾನುಗಳನ್ನು ಒದಗಿಸುವುದಕ್ಕಾಗಿ ಆಮ್ಲಜನಕವೇ ತಲುಪದ ನಡುಭಾಗದ ಕಬ್ಬಿಣ ಕರಗುತ್ತದೆ. ಕಂದು ತುಕ್ಕು ಕೂಡ ಎರಡರ ನಡುವೆ ಉಂಗುರವಾಗಿ ಕೂರುತ್ತದೆಯೇ ಹೊರತು, ಲೋಹ ನಷ್ಟವಾದ ಜಾಗದಲ್ಲಿ ಅಲ್ಲ. ಅಂದರೆ ಕಣ್ಣಿಗೆ ಕಾಣುವ ತುಕ್ಕು ಒಂದು ಕಡೆ, ಏಟು ಬಿದ್ದಿರುವುದು ಇನ್ನೊಂದು ಕಡೆ.

ಈಗ ಆ ಹನಿಯ ಜಾಗದಲ್ಲಿ ಸಿಲ್ಲಿನ ತುದಿಯಲ್ಲಿ ಕುಳಿತ ಒದ್ದೆ ಕೆಸರಿನ ಮುದ್ದೆಯನ್ನು ಊಹಿಸಿಕೊಳ್ಳಿ. ಮುದ್ದೆಯ ಅಡಿಯಲ್ಲಿರುವ ತಗಡೇ ಆ ನೀಲಿ ನಡುಭಾಗ. ಆದ್ದರಿಂದ ಲೈನರಿನ ಅಂಚುಗಳಿಗೆಲ್ಲ ಸಿಲಿಕಾನ್ ಬಳಿದು ಪೂರ್ತಿ ಮುಚ್ಚುವವರ ಬಗ್ಗೆ ನನಗೆ ಕನಿಕರವಾಗುತ್ತದೆ. ಎಲ್ಲಿಂದಲಾದರೂ ನುಸುಳಿದ ನೀರು ಹೊರಬರಲು ದಾರಿಯಿಲ್ಲದೆ ಇನ್ನೊಂದು ಕೆಸರು ಗೂಡು ತಯಾರಾಗುತ್ತದೆ. ಕಾಫಿ ತೋಟದಲ್ಲಿ ಇಳಿಜಾರಿನ ಮಳೆನೀರಿಗೆ ಯಾರೂ ಗೋಡೆ ಕಟ್ಟುವುದಿಲ್ಲ, ಬಸಿಗಾಲುವೆ ತೋಡುತ್ತಾರೆ. ಲೈನರಿಗೂ ಅದೇ ನ್ಯಾಯ. ಮೇಲಂಚು ಬಿಗಿಯಾಗಿರಲಿ, ಕೆಳಗೆ ಎರಡು ಬೆರಳಿನಷ್ಟು ಸಂದು ತೆರೆದಿರಲಿ.

[ಪರದೆಯ ಮೇಲೆ: ಉದ್ದಕ್ಕೆ ಸೀಳಿದ ನೀಲಿ ಡ್ರಮ್ಮು, ಪಕ್ಕದಲ್ಲಿ ಟೈರು]

ಸಾಮಗ್ರಿಗೆ ನನ್ನ ಆಯ್ಕೆ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಅದು ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್, ನೀರು ಹೀರುವುದಿಲ್ಲ, ಕಲ್ಲೇಟಿಗೆ ಸೀಳುವುದಿಲ್ಲ. ಇನ್ನೂ ಸೊಗಸಾದ ಸಂಗತಿಯೆಂದರೆ, ಡ್ರಮ್ಮಿನ ವ್ಯಾಸ ಸುಮಾರು 58 ಸೆಂಟಿಮೀಟರ್, ಎಂಜಿಬಿಯ 14 ಇಂಚಿನ ರಿಮ್ಮಿಗೆ ಕೂರುವ 165 ಅಳತೆಯ ಟೈರಿನ ವ್ಯಾಸ ಸುಮಾರು 62. ಬೇಕಾದ ಬಾಗು ಡ್ರಮ್ಮಿನಲ್ಲಿಯೇ ಇದೆ. ಹೀಟ್ ಗನ್ನಿನಿಂದ ಮೆದುಗೊಳಿಸಿ ಸ್ವಲ್ಪ ಅಗಲಿಸಿದರೆ ಸಾಕು. ಆದರೆ ಕೀಟನಾಶಕ ಅಥವಾ ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ತೊಳೆದ ಮೇಲೆಯೂ ಬಿಸಿ ಮಾಡಬೇಡಿ; ಆಹಾರ ಪದಾರ್ಥ ಬಂದಿದ್ದ ಡ್ರಮ್ಮನ್ನೇ ಕೇಳಿ ಪಡೆಯಿರಿ. ಅಲ್ಯೂಮಿನಿಯಂ ತಗಡು ನೋಡಲು ಚೆಂದ, ಆದರೆ ಒದ್ದೆ ಕೆಸರಿನಲ್ಲಿ ಉಕ್ಕಿಗೆ ತಾಗಿಕೊಂಡಿದ್ದರೆ ತಾನೇ ಸವೆದುಹೋಗುತ್ತದೆ, ಜೊತೆಗೆ ಕಲ್ಲು ಬಡಿದಾಗಲೆಲ್ಲ ತಮಟೆ ಬಾರಿಸುತ್ತದೆ.

ಕತ್ತರಿಸುವ ಮೊದಲು ರಟ್ಟಿನಲ್ಲಿ ಮಾದರಿ ಮಾಡಿಕೊಂಡು, ಒಳಗಿನ ತಗಡನ್ನು ವೈರ್ ಬ್ರಷ್‌ನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ, ಪ್ರೈಮರ್ ಹೊಡೆಯಿರಿ. ಲೈನರನ್ನು ತಾತ್ಕಾಲಿಕವಾಗಿ ಕೂರಿಸಿದ ಮೇಲೆ ಟೈರಿನ ಕಡೆಗಿರುವ ಅದರ ಮೈಗೆ ಅಲ್ಲಲ್ಲಿ ಚಪಾತಿ ಹಿಟ್ಟಿನ ಉಂಡೆಗಳನ್ನು ಅಂಟಿಸಿ, ಚಕ್ರ ಹಾಕಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಕಾರನ್ನು ಬಲವಾಗಿ ಒತ್ತಿ ಕುಣಿಸಿ. ಎಲ್ಲಿಯಾದರೂ ಉಂಡೆ ಎರಡು ಸೆಂಟಿಮೀಟರಿಗಿಂತ ತೆಳುವಾಗಿದ್ದರೆ ಅಲ್ಲಿ ಲೈನರನ್ನು ಇನ್ನಷ್ಟು ಮೇಲಕ್ಕೆ ಬಾಗಿಸಬೇಕು. ಬ್ರೇಕಿನ ಹೋಸ್ ಪೈಪಿಗೆ ಲೈನರು ಯಾವ ಸ್ಥಿತಿಯಲ್ಲಿಯೂ ತಾಗಕೂಡದು.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಎಚ್‌ಡಿಪಿಇಗೆ ಅಂಟು ಹಿಡಿಯುವುದಿಲ್ಲ, ಹಾಗಾಗಿ ಬೋಲ್ಟುಗಳೇ ಗತಿ. ಸಾಧ್ಯವಾದಷ್ಟೂ ಕಾರಿನಲ್ಲಿ ಈಗಾಗಲೇ ಇರುವ ಬೋಲ್ಟಿನ ತೂತುಗಳನ್ನೇ ಬಳಸಿ. ಒಂದು ಮೀಟರ್ ಉದ್ದದ ಈ ಪ್ಲಾಸ್ಟಿಕ್ ಇಪ್ಪತ್ತು ಡಿಗ್ರಿ ಬಿಸಿ ಏರಿದರೆ ಸುಮಾರು ಮೂರು ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕು ಕಾಲು ಮಿಲಿಮೀಟರೂ ಹಿಗ್ಗುವುದಿಲ್ಲ. ಆದ್ದರಿಂದ ಲೈನರಿನಲ್ಲಿ ಒಂದು ತೂತು ಮಾತ್ರ ದುಂಡಗಿರಲಿ, ಉಳಿದವು ಉದ್ದುದ್ದವಾಗಿರಲಿ, ಅಗಲವಾದ ವಾಷರ್ ಹಾಕಿ. ಮೇಲಂಚಿಗೆ ಹಳೆಯ ಲಾರಿ ಟ್ಯೂಬಿನ ಪಟ್ಟಿ ಸಾಕು.

ಎಲ್ಲ ಮುಗಿದ ಮೇಲೆ ಲೈನರಿನ ಹಿಂದಕ್ಕೆ ಮೇಲಿನಿಂದ ಒಂದು ಬಕೆಟ್ ನೀರು ಸುರಿದು, ಕೆಳಗಿನ ಸಂದಿನಿಂದ ಅಷ್ಟೂ ಹೊರಬರುತ್ತಿದೆಯೇ ಎಂದು ನೋಡಿ. ಮೇ ಕೊನೆಯಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಇನ್ನೊಮ್ಮೆ, ಲೈನರನ್ನು ಬಿಚ್ಚಿ ಸಿಲ್ಲಿನ ತುದಿಯನ್ನು ಬೆರಳಿನಿಂದ ತಡವಿ ನೋಡಿ. ಬೆರಳಿಗೆ ಮಣ್ಣು ಹತ್ತಿದರೆ ಆ ಸಂದನ್ನು ಇನ್ನೊಂದು ಬೆರಳಿನಷ್ಟು ಅಗಲಗೊಳಿಸಿ.