ಮುದ್ರೆ ಒತ್ತಿದವನಿಗೆ ಹಾರ ಯಾಕೆ?

ನಮಸ್ಕಾರ. ನಮ್ಮಲ್ಲಿ ಮತ ಎಣಿಕೆ ಮುಗಿದರೆ ಚುನಾವಣಾಧಿಕಾರಿ ಗೆದ್ದವರ ಕೈಗೆ ಪ್ರಮಾಣಪತ್ರ ಕೊಡುತ್ತಾರೆ. ಫೋಟೋ, ಪಟಾಕಿ, ಮುಗೀತು. ಆ ಅಧಿಕಾರಿ ಯಾವುದೋ ಪಕ್ಷದವರು ಕಳಿಸಿದ ಮನುಷ್ಯ ಅಂದುಕೊಳ್ಳಿ. ಎದೆ ಝಲ್ ಅನ್ನುತ್ತದೆ ಅಲ್ವಾ?

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅದೇ ಪದ್ಧತಿ. ಫಲಿತಾಂಶಕ್ಕೆ ಮುದ್ರೆ ಒತ್ತುವುದು ನಾಲ್ಕು ಜನರ ಮಂಡಳಿ. ಇಬ್ಬರು ರಿಪಬ್ಲಿಕನ್, ಇಬ್ಬರು ಡೆಮಾಕ್ರಟ್. ಹೆಸರು ಕೊಡುವುದು ಪಕ್ಷಗಳೇ. ಎರಡೂ ಕಡೆಯಿಂದ ಒಬ್ಬರಾದರೂ ಒಪ್ಪಲೇಬೇಕು.

2020ರ ನವೆಂಬರ್ 23. ಕೋವಿಡ್ ಕಾಲ, ಸಭೆ ನಡೆದದ್ದು ವಿಡಿಯೋದಲ್ಲಿ. ಅಧ್ಯಕ್ಷರ ಚುನಾವಣೆಯಲ್ಲಿ ಡೆಮಾಕ್ರಟ್ ಬೈಡನ್ ಆ ರಾಜ್ಯ ಗೆದ್ದಿದ್ದ ಅಂತರ ಸುಮಾರು 1,54,000 ಮತ. ಆದರೂ 14 ದಿನ ತಡೆಯಿರಿ ಎಂದು ರಿಪಬ್ಲಿಕನ್ ಮುಖಂಡರ ಪತ್ರ ಬಂದಿತ್ತು. ಮಂಡಳಿಯ ರಿಪಬ್ಲಿಕನ್ನರಲ್ಲಿ ಆರನ್ ವ್ಯಾನ್ ಲ್ಯಾಂಗೆವೆಲ್ಡ್ ಎಂಬ ವಕೀಲರಿದ್ದರು. ಗಂಟೆಗಟ್ಟಲೆ ಮಾತು ನಡೆಯಿತು. ಅವರ ಗಮನವೆಲ್ಲ ಒಂದೇ ಕಡೆ: ತಡೆಯುವ ಅಧಿಕಾರ ನಮಗೆ ಕಾನೂನಿನಲ್ಲಿ ಎಲ್ಲಿದೆ? ಎಲ್ಲೂ ಇರಲಿಲ್ಲ. ಅವರು ಒಪ್ಪಿಗೆಯ ವೋಟು ಹಾಕಿದರು. ಇನ್ನೊಬ್ಬ ರಿಪಬ್ಲಿಕನ್ ಸದಸ್ಯ ಯಾವ ಕಡೆಗೂ ಹಾಕಲಿಲ್ಲ. 3-0.

ಅವಧಿ ಮುಗಿದಾಗ ಪಕ್ಷ ಅವರ ಹೆಸರನ್ನು ಮತ್ತೆ ಕಳಿಸಲಿಲ್ಲ.

ಅವರನ್ನು ಹೀರೋ ಅಂದವರು ತುಂಬಾ ಜನ. ನನಗೆ ಕಿರಿಕಿರಿಯಾಗುವುದು ಅಲ್ಲೇ. ಲಂಚ ಕೇಳದೆ ಪಹಣಿ ಕೊಟ್ಟ ಅಂತ ಗುಮಾಸ್ತನಿಗೆ ಹಾರ ಹಾಕಿದ ಹಾಗಾಯಿತು. ಕೂಡಿದ ಲೆಕ್ಕದ ಕೆಳಗೆ ಮುದ್ರೆ ಒತ್ತಲು ಧೈರ್ಯ ಬೇಕು ಅಂದರೆ ಮನೆಯ ತೊಲೆಗೇ ಗೆದ್ದಲು ಹತ್ತಿದೆ ಅಂತ.

ರಿಪೇರಿ ಆಗಲಿಲ್ಲ ಅಂತಲ್ಲ. 2022ರಲ್ಲಿ ಮಿಷಿಗನ್ ಮತದಾರರು ರಾಜ್ಯದ ಸಂವಿಧಾನವನ್ನೇ ತಿದ್ದಿದರು: ಇದು ಬರೀ ಗುಮಾಸ್ತರ ಕೆಲಸ, ನಿಮ್ಮ ಇಷ್ಟಾನಿಷ್ಟ ಇಲ್ಲಿ ನಡೆಯಲ್ಲ. ಅದೇ ವರ್ಷ ವಾಷಿಂಗ್ಟನ್‌ನಲ್ಲೂ, ಅಧ್ಯಕ್ಷರ ಚುನಾವಣೆಯ ಮತಗಳನ್ನು ಸಂಸತ್ತಿನಲ್ಲಿ ಎಣಿಸುವ 1887ರ ಹಳೇ ಕಾನೂನು ಬದಲಾಯಿತು. ಮೊದಲು ಪ್ರತಿ ಸದನದಿಂದ ಒಬ್ಬೊಬ್ಬರು ಎದ್ದು ನಿಂತರೂ ಒಂದು ರಾಜ್ಯದ ಫಲಿತಾಂಶಕ್ಕೆ ತಕರಾರು ಎತ್ತಬಹುದಿತ್ತು. ಈಗ ಐದರಲ್ಲಿ ಒಂದು ಪಾಲು ಸದಸ್ಯರು ಬೇಕು.

ಆದರೆ ಕಾನೂನು ಮುಟ್ಟದ ಜಾಗ ಜಾಸ್ತಿ ಇದೆ. ಕ್ಷೇತ್ರಗಳ ಗಡಿಯನ್ನೇ ನೋಡಿ. ಅದನ್ನು ಹತ್ತು ವರ್ಷಕ್ಕೊಮ್ಮೆ, ಜನಗಣತಿ ಆದ ಮೇಲೆ ಬರೆಯುವುದು ರೂಢಿ. 2025ರಲ್ಲಿ ಟ್ರಂಪ್ ಒತ್ತಾಯಕ್ಕೆ ಟೆಕ್ಸಾಸ್ ಮಧ್ಯದಲ್ಲೇ ಗಡಿ ಬದಲಿಸಿತು, ರಿಪಬ್ಲಿಕನ್ನರಿಗೆ ಐದು ಸೀಟು ಹೆಚ್ಚು ಸಿಗಲಿ ಅಂತ. ಸುಮ್ನೆ ಇರುತ್ತಾರಾ ಡೆಮಾಕ್ರಟರು? ಕ್ಯಾಲಿಫೋರ್ನಿಯಾದಲ್ಲಿ ಸ್ವತಂತ್ರ ಆಯೋಗ ಬರೆದ ನಕ್ಷೆಯನ್ನು ಪಕ್ಕಕ್ಕಿಟ್ಟು ತಮ್ಮದನ್ನು ತಂದರು. ಜನ ಮತ ಹಾಕಿ ಒಪ್ಪಿದರು, ನಿಜ. ಆದರೆ 'ಅವರು ಮಾಡಿದರಲ್ಲ' ಅನ್ನುವ ನೆಪಕ್ಕೆ ಕೊನೆ ಎಲ್ಲಿ? ಎದುರಾಳಿಯ ಏಟಿಗೆ ಏಟು ಕೊಡುವುದು ಸುಲಭ. ಕಷ್ಟ ಇರುವುದು ಸ್ವಂತ ಪಕ್ಷಕ್ಕೆ ಬೇಡ ಅನ್ನುವುದರಲ್ಲಿ.

ಹಾಗೆ ಅಂದವರೂ ಇದ್ದಾರೆ. ಮಿಷಿಗನ್ ಪಕ್ಕದ ರಾಜ್ಯ ಇಂಡಿಯಾನಾ. ಅಲ್ಲಿನ ಸೆನೆಟ್‌ನ 50 ಜನರಲ್ಲಿ 40 ರಿಪಬ್ಲಿಕನ್ನರು. ಅಲ್ಲೂ ರಿಪಬ್ಲಿಕನ್ನರಿಗೆ ಅನುಕೂಲವಾಗುವ ಹೊಸ ನಕ್ಷೆಗೆ ಅಡ್ಡ ಬಂದರೆ ಮುಂದಿನ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ನಿಮ್ಮ ಎದುರು ಬೇರೆಯವರಿಗೆ ಬೆಂಬಲ ಅಂತ ಟ್ರಂಪ್ ಬೆದರಿಸಿದ್ದರು. 2025ರ ಡಿಸೆಂಬರ್‌ನಲ್ಲಿ ಮತಕ್ಕೆ ಹಾಕಿದಾಗ ನಕ್ಷೆ ಬಿದ್ದುಹೋಯಿತು, 31-19. ಬೇಡ ಅಂದ 31 ಜನರಲ್ಲಿ 21 ಮಂದಿ ರಿಪಬ್ಲಿಕನ್ನರೇ.